ಮೂರನೆಯ ಮಹಡಿಯ ತೋಟ

ನಾನು ಮೋಸಹೋದ ಕಥೆಯಿಂದಲೇ ಈ ಲೇಖನವನ್ನು ಆರಂಭಿಸುತ್ತೇನೆ. ಮೋಸ ಮಾಡಿದವರು ಯಾರೂ ಇಲ್ಲ. ನನ್ನ ಅರೆಬರೆ ವಿದ್ಯೆಯೇ ಅದಕ್ಕೆ ಹೊಣೆ.

ಆರು ವರ್ಷಗಳ ಹಿಂದೆ ಅಪ್ಪಯ್ಯ ಶಿರಸಿ ಕಡೆಯ ನಮ್ಮ ಊರಿನಿಂದ ದೆಹಲಿಗೆ ಬಂದರು. ಅಮ್ಮ ತೀರಿಕೊಂಡು ವರ್ಷವಾಗಿತ್ತು. ತೋಟವನ್ನು ಅಣ್ಣ ನೋಡಿಕೊಳ್ಳುತ್ತಿದ್ದ. ಅಪ್ಪಯ್ಯನ ಮನಸ್ಸಿಗೆ ಒಂದಿಷ್ಟು ಬದಲಾವಣೆಯಾಗಲಿ ಎಂದು ಅವನೇ ಹುಬ್ಬಳ್ಳಿಯಲ್ಲಿ ರೈಲು ಹತ್ತಿಸಿ ಕಳಿಸಿದ. ನಮ್ಮದು ಸರಕಾರಿ ಕ್ವಾರ್ಟರ್ಸು. ಮೂರನೆಯ ಮಹಡಿ, ಎರಡು ಕೋಣೆ, ಒಂದು ಬಾಲ್ಕನಿ. ಐವತ್ತು ವರ್ಷ ಅಡಕೆ ಮರದ ನೆರಳಿನಲ್ಲಿ ಓಡಾಡಿದ ಮನುಷ್ಯನಿಗೆ ಇಲ್ಲಿ ಕಣ್ಣಿಗೆ ಬೀಳುವುದೆಂದರೆ ಎದುರು ಕಟ್ಟಡದ ನೀರಿನ ಟ್ಯಾಂಕುಗಳು. ಮೊದಲ ವಾರ ಅದೂ ಇದೂ ವಿಚಾರಿಸಿದರು. ಎರಡನೆಯ ತಿಂಗಳಿಗೆ ಬರುವ ಹೊತ್ತಿಗೆ "ಹೂಂ", "ಸಾಕು" ಎಂಬೆರಡು ಮಾತುಗಳಲ್ಲಿ ಅವರ ದಿನ ಮುಗಿಯತೊಡಗಿತು. "ಮಾವನವರು ಹೀಗೆ ಮಾತೇ ಆಡದೆ ಕೂತರೆ ಹೇಗೆ? ನೀವು ಏನಾದರೂ ಮಾಡಬೇಕು" ಎಂದು ನನ್ನ ಮನೆಯಾಕೆ ಅಡಿಗೆಮನೆಯಲ್ಲಿ ಮೆಲುದನಿಯಲ್ಲಿ ಹೇಳಿದಳು.

ನಾನು ಮಾಡಿದ್ದು ಇಷ್ಟು. ಕಚೇರಿಯಿಂದ ಬರುವಾಗ ರಸ್ತೆ ಬದಿಯ ನರ್ಸರಿಯಲ್ಲಿ ಕುಂಡದಲ್ಲಿಟ್ಟ ಗಿಡವೊಂದನ್ನು ಕಂಡೆ. ಗರಿಗಳು ನೋಡಲು ಥೇಟ್ ಅಡಕೆಯ ಹಾಗೆ. ಹೆಸರೇನೆಂದು ಕೇಳಿದರೆ ಮಾಲಿ "ಅರೇಕಾ ಪಾಮ್" ಎಂದ. ಅಡಕೆಯ ಶಾಸ್ತ್ರೀಯ ಹೆಸರು 'ಅರೇಕಾ ಕಟೆಚು' ಎಂದು ಎಲ್ಲೋ ಓದಿದ್ದು ನೆನಪಿತ್ತು. ಇನ್ನೇನು ಬೇಕು! ಚೌಕಾಸಿಯನ್ನೂ ಮಾಡದೆ ಎರಡು ಕುಂಡಗಳನ್ನು ಆಟೋರಿಕ್ಷಾದಲ್ಲಿ ಹೇರಿಕೊಂಡು ಬಂದು ಅಪ್ಪಯ್ಯನ ಮುಂದೆ ಇಟ್ಟೆ.

ಅವರು ಕನ್ನಡಕ ಸರಿಮಾಡಿಕೊಂಡು ಬುಡವನ್ನು ನೋಡಿದರು. ಒಂದು ಗರಿಯನ್ನು ಬೆರಳಿನಲ್ಲಿ ಸವರಿದರು. ಆಮೇಲೆ ನಕ್ಕರು, ಅಮ್ಮ ಹೋದ ಮೇಲೆ ನಾನು ಕಂಡ ಮೊದಲ ನಗೆ ಅದು.

"ತಮಾ, ಅಡಕೆ ಹೀಗೆ ಹಿಂಡು ಕಟ್ಟುವುದುಂಟೋ? ಅಡಕೆ ಒಂಟಿ ಕಾಲಿನ ಮರ. ಬಿ.ಎ. ಮಾಡುವಾಗ ನಿನಗೆ ಇದನ್ನು ಹೇಳಿಕೊಡಲಿಲ್ಲವೋ?"

ಹೇಳಿಕೊಟ್ಟಿರಲಿಲ್ಲ. ನಾನು ಓದಿದ್ದು ಇತಿಹಾಸ. ಮನೆಗೆ ತಂದದ್ದು ಮಡಗಾಸ್ಕರ್ ದ್ವೀಪದ ಬೇರೊಂದು ಗಿಡವೆಂದೂ, ಲೋಕದ ಹೋಟೆಲುಗಳಲ್ಲೂ ಬ್ಯಾಂಕುಗಳಲ್ಲೂ ಮೂಲೆಗೊಂದರಂತೆ ನಿಂತಿರುವ ಈ ಗಿಡಕ್ಕೂ ನಮ್ಮ ಕವಳದ ಅಡಕೆಗೂ ದೂರದ ನಂಟಷ್ಟೇ ಎಂದೂ ಆಮೇಲೆ ತಿಳಿಯಿತು. ನಗೆಪಾಟಲಾದರೂ ನಷ್ಟವಾಗಲಿಲ್ಲ. ಆ ಸಂಜೆ ಅಪ್ಪಯ್ಯ ತಾವಾಗಿಯೇ ಹೇಳಿದರು: "ಅಣ್ಣನಿಗೆ ಫೋನು ಮಾಡು. ಬೀಜಕ್ಕೆ ಒಳ್ಳೆಯ ಹಣ್ಣಡಕೆ ಕಳಿಸಲಿ. ಎಳೆ ಮರದ್ದೂ ಬೇಡ, ಮುದಿ ಮರದ್ದೂ ಬೇಡ, ನಡುಪ್ರಾಯದ ಮರದ್ದು." ಹೀಗೆ ನನ್ನ ತಾಳೆ ಹುಚ್ಚು ಹಿಡಿಯಿತು.

ರಾಜಮನೆತನದ ಗಿಡಗಳು

ಅಡಕೆ, ತೆಂಗು, ಈಚಲು, ತಾಳೆ, ಬೈನೆ ಇವೆಲ್ಲ ಒಂದೇ ಕುಲದ ಮರಗಳು. ಸಸ್ಯಗಳಿಗೆಲ್ಲ ಹೆಸರಿಟ್ಟ ಲಿನೇಯಸ್ ಪಂಡಿತ ಈ ಕುಲವನ್ನು ಸಸ್ಯಲೋಕದ ರಾಜಕುಮಾರರೆಂದು ಕರೆದ. ಇಂದಿನ ಲೆಕ್ಕದಲ್ಲಿ ಈ ಕುಲದಲ್ಲಿ ಸುಮಾರು 2,600 ಜಾತಿಗಳಿವೆ. ನಮ್ಮ ನಾಡಿನವರಿಗೂ ಆಶ್ಚರ್ಯವಾಗುವ ಸಂಗತಿಯೆಂದರೆ ಬೆತ್ತವೂ ಇದೇ ಕುಲದ್ದು. ಮರಗಳನ್ನು ಮುಳ್ಳಿನಿಂದ ಹಿಡಿದು ಹತ್ತುವ ಬಳ್ಳಿ ಅದು. ನಮ್ಮ ಕಚೇರಿಯ ಮೂಲೆಯಲ್ಲಿ ಬಿದ್ದಿರುವ ಹಳೆಯ ಬೆತ್ತದ ಕುರ್ಚಿಯನ್ನು ಅಂದಿನಿಂದ ನಾನು ನೆಂಟನಂತೆ ನೋಡುತ್ತೇನೆ.

ಈ ಕುಲದ ಗುಟ್ಟು ಒಂದೇ ಮಾತಿನಲ್ಲಿದೆ: ತಾಳೆಗೆ ಇರುವುದು ಒಂದೇ ತಲೆ. ಮಾವು, ಬೇವುಗಳ ಕೊಂಬೆ ಕಡಿದರೆ ಬೇರೆ ಚಿಗುರು ಬರುತ್ತದೆ. ಅಡಕೆಯ ಸುಳಿ ಹೋದರೆ ಮರವೇ ಹೋಯಿತು. ಇದರ ಕಾಂಡ ಇತರ ಮರಗಳಂತೆ ವರ್ಷ ವರ್ಷವೂ ಉಂಗುರ ಕಟ್ಟಿ ದಪ್ಪವಾಗುವುದಿಲ್ಲ. ಸಸಿ ಮೊದಲು ನೆಲಮಟ್ಟದಲ್ಲೇ ಬುಡವನ್ನು ಬೇಕಾದಷ್ಟು ಅಗಲ ಮಾಡಿಕೊಂಡು ಆಮೇಲೆ ಮೇಲಕ್ಕೆ ಏಳುತ್ತದೆ. ಆದ್ದರಿಂದ ಮೊದಲ ಒಂದೆರಡು ವರ್ಷ ಗಿಡ ಬೆಳೆಯುತ್ತಲೇ ಇಲ್ಲ ಎಂದು ಹೊಸಬರು ಬೇಸರಪಡುವುದುಂಟು. ಕಾಂಡಕ್ಕೆ ಗಾಯವಾದರೆ ಅದು ಮುಚ್ಚಿಕೊಳ್ಳುವುದೂ ಇಲ್ಲ. ಜೀವನ ಪರ್ಯಂತ ಉಳಿಯುತ್ತದೆ. ಕೊಂಬೆ ನೆಟ್ಟು ಗಿಡ ಮಾಡುವುದಾಗಲಿ ಕಸಿ ಕಟ್ಟುವುದಾಗಲಿ ಇಲ್ಲಿ ನಡೆಯದು. ಬೀಜದಿಂದಲೇ ಬರಬೇಕು, ಹಿಂಡು ಕಟ್ಟುವ ಜಾತಿಯಾದರೆ ಬೇರು ಸಮೇತ ಮರಿಯನ್ನು ಬೇರ್ಪಡಿಸಬಹುದು, ಅಷ್ಟೇ.

ಹೀಗಾಗಿ ತಾಳೆ ಸಂಗ್ರಹಿಸುವವರು ಎಲ್ಲ ದೇಶಗಳಲ್ಲೂ ಬೀಜದ ಹಿಂದೆ ಬಿದ್ದವರೇ. 1956ರಲ್ಲಿ ಅಮೆರಿಕದ ಫ್ಲಾರಿಡಾ ಪ್ರಾಂತದಲ್ಲಿ ಡೆಂಟ್ ಸ್ಮಿತ್ ಎಂಬಾತ ಇಂಥವರಿಗಾಗಿಯೇ ಒಂದು ಸಂಘ ಕಟ್ಟಿದ. ಲಿನೇಯಸನ ಮಾತನ್ನೇ ಹಿಡಿದು 'ಪ್ರಿನ್ಸಿಪೀಸ್' ಎಂಬ ಪತ್ರಿಕೆಯನ್ನೂ ಆರಂಭಿಸಿದರು. 1999ರಿಂದ ಅದಕ್ಕೆ 'ಪಾಮ್ಸ್' ಎಂಬ ಸರಳ ಹೆಸರು. ಸಂಘವೆಂದರೆ ಏನೆಂದು ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ: ಒಂದೇ ಹುಚ್ಚಿನವರು ಒಂದು ಕಡೆ ಸೇರಿ, ತಮ್ಮಲ್ಲಿರುವುದನ್ನು ಇನ್ನೊಬ್ಬರಿಗೆ ಕೊಟ್ಟು, ಇಲ್ಲದ್ದನ್ನು ಕೇಳಿ ಪಡೆಯುವುದು.

ತಾಳೆ ಎಂದರೆ ಉಷ್ಣದೇಶದ ಮರವೆಂದು ನಾವು ತಿಳಿದಿದ್ದೇವೆ. ಬಹುಮಟ್ಟಿಗೆ ನಿಜ. ಆದರೆ ಅಪವಾದಗಳೇ ಇಲ್ಲಿ ಸ್ವಾರಸ್ಯ. ನ್ಯೂಜಿಲೆಂಡಿನ ನೀಕಾವು ತಾಳೆ ಭೂಮಧ್ಯರೇಖೆಯಿಂದ 44 ಡಿಗ್ರಿ ದಕ್ಷಿಣದ ಚ್ಯಾಥಮ್ ದ್ವೀಪಗಳವರೆಗೂ ಬೆಳೆಯುತ್ತದೆ. ಲೋಕದ ಅತ್ಯಂತ ಎತ್ತರದ ತಾಳೆಯಾದ ಮೇಣದ ತಾಳೆ ಇರುವುದು ಕೊಲಂಬಿಯಾ ದೇಶದ ಆಂಡಿಸ್ ಪರ್ವತಗಳ ಮಂಜಿನಲ್ಲಿ. 60 ಮೀಟರ್ ವರೆಗೂ ಏರುವ ಅದನ್ನು 1985ರಲ್ಲಿ ಆ ದೇಶ ತನ್ನ ರಾಷ್ಟ್ರವೃಕ್ಷವೆಂದು ಸಾರಿತು. ಇಟಲಿಯ ಪಾದುವಾ ನಗರದ ಸಸ್ಯೋದ್ಯಾನದಲ್ಲಿ 1585ರಲ್ಲಿ ನೆಟ್ಟ ಒಂದು ಗಿಡ್ಡ ತಾಳೆಯನ್ನು ಗಾಜಿನ ಮನೆ ಕಟ್ಟಿ ಕಾಪಾಡಿದ್ದಾರೆ. ಜರ್ಮನ್ ಕವಿ ಗಯಟೆ 1786ರಲ್ಲಿ ಅದನ್ನು ನೋಡಿ ಸಸ್ಯಗಳ ರೂಪಾಂತರದ ವಿಚಾರದಲ್ಲಿ ಚಿಂತಿಸಿದನಂತೆ. ಅದಕ್ಕೆ ಅವನದೇ ಹೆಸರು ಬಂದಿದೆ. ಇಸ್ರೇಲಿನ ಮಸಾಡಾ ಕೋಟೆಯ ಹಾಳಿನಲ್ಲಿ ಸಿಕ್ಕ, ಸುಮಾರು 2,000 ವರ್ಷ ಹಳೆಯ ಖರ್ಜೂರದ ಬೀಜವೊಂದು 2005ರಲ್ಲಿ ಮೊಳೆತು ಗಿಡವಾಯಿತು. ಹಳೆಯ ಫೈಲುಗಳಲ್ಲಿ ಜೀವವಿರುವುದಿಲ್ಲವೆಂದು ನಂಬಿದ್ದ ನನ್ನಂಥ ಗುಮಾಸ್ತನಿಗೆ ಇದು ದೊಡ್ಡ ಪಾಠ.

ತಾಳ್ಮೆಯ ಪಾಠವೂ ಉಂಟು. ಹೌರಾದ ಸಸ್ಯೋದ್ಯಾನದಲ್ಲಿ ಸೇಶೆಲ್ಸ್ ದ್ವೀಪದ ಜೋಡಿ ತೆಂಗನ್ನು 1894ರಲ್ಲಿ ನೆಟ್ಟರು. ಲೋಕದಲ್ಲೇ ದೊಡ್ಡ ಬೀಜ ಇದರದು. ಅದು ಮೊದಲು ಹೂ ಬಿಟ್ಟದ್ದು 1988ರಲ್ಲಿ. ನೆಟ್ಟವರಲ್ಲಿ ಒಬ್ಬರೂ ಅದನ್ನು ನೋಡಲಿಲ್ಲ.

ಮೂರು ಚಳಿಗಾಲ

ನಮ್ಮ ಬಾಲ್ಕನಿಗೆ ಮರಳೋಣ. ಅಣ್ಣ ಕಳಿಸಿದ ಹತ್ತು ಅಡಕೆಗಳನ್ನು ತೊಟ್ಟಿನ ಭಾಗ ಮೇಲಾಗುವಂತೆ ಮರಳಿನಲ್ಲಿ ಅಪ್ಪಯ್ಯ ತಾವೇ ಊರಿದರು. ಎರಡು ತಿಂಗಳಲ್ಲಿ ಏಳು ಮೊಳೆತವು. ದೀಪಾವಳಿಯವರೆಗೆ ಎಲ್ಲ ಸುಸೂತ್ರ. ಬಂದವರಿಗೆಲ್ಲ "ನಮ್ಮ ತೋಟ" ಎಂದು ತೋರಿಸಿದ್ದಾಯಿತು. ಪುಷ್ಯಮಾಸದಲ್ಲಿ ಒಂದು ವಾರ ಮಂಜು ಕವಿದು ರಾತ್ರಿ ನಾಲ್ಕು ಡಿಗ್ರಿಗೆ ಇಳಿಯಿತು. ಎಲೆಗಳ ಮೇಲೆ ಕಂದು ಮಚ್ಚೆ ಬಂತು. ಆಮೇಲೆ ಸುಳಿ ಕೈಗೇ ಕಿತ್ತು ಬಂತು. ಏಳಕ್ಕೆ ಏಳೂ ಹೋದವು. ಅಡಕೆಗೆ 14ರಿಂದ 36 ಡಿಗ್ರಿಯವರೆಗಿನ ಹವೆ ಒಗ್ಗುತ್ತದೆಂದು ಕೃಷಿಯ ಪುಸ್ತಕಗಳು ಹೇಳುತ್ತವೆ. ದೆಹಲಿ ಎರಡು ತುದಿಯಲ್ಲೂ ಆ ಮೇರೆ ಮೀರುವ ಊರು.

ಅಪ್ಪಯ್ಯ ಖಾಲಿ ಕುಂಡಗಳನ್ನು ಗೋಡೆಗೆ ಒತ್ತಾಗಿ ಜೋಡಿಸಿಟ್ಟು ಏನೂ ಹೇಳದೆ ಒಳಗೆ ಹೋದರು. ಮತ್ತೆ "ಹೂಂ", "ಸಾಕು" ಶುರುವಾಗುವುದೋ ಎಂದು ನನಗೆ ದಿಗಿಲಾಯಿತು. ನಾನು ತಂದ ಮಡಗಾಸ್ಕರದ ಗಿಡಗಳಂತೂ ನಾಲ್ಕು ಎಲೆ ಸುಟ್ಟುಕೊಂಡು ಬದುಕಿದ್ದವು. ಅದು ಉರಿಯುವ ಗಾಯಕ್ಕೆ ಉಪ್ಪು ಸವರಿದಂತಾಯಿತು.

ಎರಡನೆಯ ವರ್ಷ ಅಡಕೆ ಕೊಯ್ಲಿಗೆಂದು ಅಪ್ಪಯ್ಯ ಊರಿಗೆ ಹೋಗಿದ್ದರು. ಹೊಸ ಸಸಿಗಳನ್ನು ನಾನು ಕೋಣೆಯೊಳಗೆ ತಂದು ಹೀಟರಿನ ಬಳಿ ಇಟ್ಟು ದಿನವೂ ನೀರು ಹಾಕಿದೆ. ಮೇಲೆ ಒಣಬಿಸಿ, ಕೆಳಗೆ ತಣ್ಣನೆಯ ಕೆಸರು. ಬೇರು ಕೊಳೆತು ಅವೂ ಸತ್ತವು. ಫೋನಿನಲ್ಲಿ ಇದನ್ನು ಕೇಳಿ ಅಪ್ಪಯ್ಯ ಹೇಳಿದರು: "ಚಳಿಯಲ್ಲಿ ಅದಕ್ಕೆ ಹಸಿವೆ ಇರುವುದಿಲ್ಲ. ಹಸಿವೆ ಇಲ್ಲದವನಿಗೆ ನೀನು ಊಟ ಬಡಿಸಿದೆ."

ಮೂರನೆಯ ವರ್ಷ ಇಬ್ಬರೂ ಕೂಡಿ ಒಂದು ಕ್ರಮ ಮಾಡಿಕೊಂಡೆವು. ಆಳವಾದ ಕುಂಡ, ಮಣ್ಣಿಗೆ ಮರಳೂ ಎಲೆಗೊಬ್ಬರವೂ ಸಮನಾಗಿ. ಕಾರ್ತೀಕದಿಂದ ರಾತ್ರಿ ಗಿಡ ಒಳಗೆ, ಹಗಲು ಬಿಸಿಲು ಬಂದ ಮೇಲೆ ಹೊರಗೆ. ನೀರು ವಾರಕ್ಕೊಮ್ಮೆ, ಅದೂ ಮಧ್ಯಾಹ್ನ, ಬಿಸಿಲಿನಲ್ಲಿಟ್ಟು ಬೆಚ್ಚಗಾದದ್ದು. ಚೈತ್ರ ಕಳೆದ ಮೇಲೆ 'ಲೂ' ಗಾಳಿ ಬೀಸುವಾಗ ಬಾಲ್ಕನಿಯ ಒಳಮೂಲೆಯಲ್ಲಿ, ಒದ್ದೆ ಗೋಣಿಯ ಮರೆಯಲ್ಲಿ ವಾಸ. ದೆಹಲಿಯ ಗಡುಸು ನೀರಿಗೆ ಬದಲು ಆದಷ್ಟು ಮಳೆನೀರು. ಊರಲ್ಲಿ ಪಡುವಣದ ಬಿಸಿಲು ಕಾಂಡಕ್ಕೆ ತಾಗದಂತೆ ಎಳೆಮರಕ್ಕೆ ಸೋಗೆ ಕಟ್ಟುವಂತೆ ಇಲ್ಲಿ ಹಳೆಯ ಪಂಚೆ ಕಟ್ಟಿದೆವು. ಎಂಟರಲ್ಲಿ ಮೂರು ಉಳಿದವು. ಅವುಗಳಲ್ಲೊಂದು ಈಗ ನನ್ನ ಸೊಂಟದ ಎತ್ತರಕ್ಕಿದೆ. ಅದು ಹಿಂಗಾರ ಬಿಡುವುದೆಂಬ ಭ್ರಮೆ ನನಗಿಲ್ಲ. "ಬಟ್ಟೆ ಒಣಗಿಸಲು ಒಂದು ಮೊಳ ಜಾಗ ಬಿಡಿ" ಎಂಬ ಮನೆಯಾಕೆಯ ಅಹವಾಲು ಮಾತ್ರ ಇನ್ನೂ ಪರಿಶೀಲನೆಯಲ್ಲಿದೆ.

ಹಿಮದ ತಾಳೆ

ಈ ನಡುವೆ ನನ್ನ ಪಕ್ಕದ ಮೇಜಿನ ಸಹೋದ್ಯೋಗಿ, ಕುಮಾವೂಂ ಕಡೆಯವರು, ಒಂದು ದಿನ ನಮ್ಮ ಪ್ರಯಾಸವನ್ನು ಕೇಳಿ "ತಾಳೆಯೇ ಬೇಕಾದರೆ ನಮ್ಮಲ್ಲಿ ಹಿಮ ಬೀಳುವ ಕಡೆ ಬೆಳೆಯುವುದುಂಟು" ಎಂದರು. ನಾನು ನಂಬಲಿಲ್ಲ. ಅವರು ಹೇಳಿದ್ದು ಅಕ್ಷರಶಃ ನಿಜ. ಉತ್ತರಾಖಂಡದ ಪಿಥೌರಾಗಢ ಜಿಲ್ಲೆಯ ಥಲ್ಕೇದಾರ್ ಬೆಟ್ಟದ ಆಸುಪಾಸಿನಲ್ಲಿ, ಸುಮಾರು 2,000 ಮೀಟರಿಗೂ ಮೇಲೆ, ಓಕ್ ಮರಗಳ ನಡುವೆ ಬೀಸಣಿಗೆಯಂಥ ಎಲೆಯ ತಾಳೆಯೊಂದು ಕಾಡಿನಲ್ಲಿದೆ. ಇಟಲಿಯ ಬೆಕ್ಕಾರಿ ಎಂಬ ವಿದ್ವಾಂಸ 1905ರಲ್ಲಿ ಅದನ್ನು 'ಟ್ರಾಕಿಕಾರ್ಪಸ್ ಟಾಕಿಲ್' ಎಂದು ಹೆಸರಿಸಿದ. ಈಗ ಕಾಡಿನಲ್ಲಿ ಅದು ತೀರ ವಿರಳ. ಅಲ್ಲಿಂದ ಗಿಡ ಕೀಳುವುದು ಪಾಪದ ಕೆಲಸ. ಅದರ ಚೀನೀ ದಾಯಾದಿಯೊಂದನ್ನು ಯುರೋಪಿನವರು ತಮ್ಮ ಚಳಿಯ ಊರುಗಳಲ್ಲೂ ಬೆಳೆಸುತ್ತಾರೆ.

ಆ ಗೆಳೆಯರು ರಜೆಗೆ ಹೋದಾಗ ತಮ್ಮ ಊರಿನ ಮನೆಯಂಗಳದಲ್ಲಿ ಬೆಳೆಸಿದ ಮರದ ಬುಡದಲ್ಲಿ ಆಯ್ದ ಒಂದು ಮುಷ್ಟಿ ಬೀಜ ತಂದರು; ಆಕಾರ ಮೂತ್ರಪಿಂಡದ ಹಾಗೆ. ಮೊಳೆತಾಗ ಬಂದದ್ದು ಬೀಸಣಿಗೆಯಲ್ಲ, ಪಟ್ಟಿಯಂಥ ಒಂದೊಂದೇ ಎಲೆ. "ಇದು ಹುಲ್ಲು" ಎಂದು ಅಪ್ಪಯ್ಯ ತೀರ್ಮಾನಿಸಿದರು. ನಾನು ಬೇಡವೆಂದು ತಡೆಯದಿದ್ದರೆ ಕಿತ್ತೇ ಬಿಡುತ್ತಿದ್ದರು. ಅಡಕೆಯ ವಿಚಾರದಲ್ಲಿ ಸೋತ ನನಗೆ ಹೀಗೆ ಒಂದು ಸಲ ಗೆಲುವು ಸಿಕ್ಕಿತು.

ಇನ್ನೊಂದು ತಮಾಷೆ ಕೇಳಿ. ಈ ಹಿಮದ ಗಿಡ ಪುಷ್ಯಮಾಸದ ಮಂಜಿನಲ್ಲಿ ಬಾಲ್ಕನಿಯ ಕಂಬಿಯ ಬಳಿ ಸುಖವಾಗಿ ನಿಂತಿತ್ತು; ಜ್ಯೇಷ್ಠದ ಬಿಸಿಗೆ ಮಾತ್ರ ಒದ್ದಾಡಿತು. ಅಡಕೆ ಒಳಗೆ ಬರುವ ತಿಂಗಳಲ್ಲಿ ಇದು ಹೊರಗೆ. ಇದಕ್ಕೆ ಕೋಣೆಯ ತಂಪು ಬೇಕಾದ ತಿಂಗಳಲ್ಲಿ ಅಡಕೆಗೆ ಬಾಲ್ಕನಿಯ ನೆರಳು ಸಾಕು. ಕಿಟಕಿಯ ಬಳಿಯ ಒಂದೇ ಜಾಗ ಇಬ್ಬರಿಗೂ ಸರದಿಯ ಮೇಲೆ ಸಿಕ್ಕಿತು. ಪಾಳಿಯಲ್ಲಿ ದುಡಿಯುವ ಇಬ್ಬರು ಬ್ರಹ್ಮಚಾರಿಗಳು ಒಂದೇ ಮಂಚವನ್ನು ಬಾಡಿಗೆಗೆ ಹಿಡಿದ ಹಾಗೆ!

ನಿಮ್ಮ ಊರಿಗೆ ಯಾವುದು?

ಬೇರೆ ಬೇರೆ ನಗರಗಳಲ್ಲಿರುವ ನಮ್ಮವರಿಗೆ ಉಪಯೋಗವಾಗಲೆಂದು ಕೆಲವು ಮಾತು. ಮುಂಬಯಿಯವರು ಭಾಗ್ಯವಂತರು, ಕಡಲ ತೇವದಲ್ಲಿ ತೆಂಗು, ಅಡಕೆ, ಬೈನೆ ಎಲ್ಲವೂ ಬರುತ್ತವೆ, ಕೊರತೆ ಜಾಗದ್ದೇ. ಅಲ್ಲಿನ ಬಾಲ್ಕನಿಗೆ ಮಡಿಕೆ ಮಡಿಕೆಯಾದ ದುಂಡನೆಯ ಎಲೆಯ ಲಿಕುವಾಲಾ ಚೆನ್ನು. ಚೆನ್ನೈಯಲ್ಲೂ ತೆಂಗಿಗೆ ಚಿಂತೆಯಿಲ್ಲ; ತಮಿಳುನಾಡಿನ ರಾಜ್ಯವೃಕ್ಷವೇ ತಾಳೆ. ಹೈದರಾಬಾದಿನ ಒಣ ಬೇಸಗೆಗೆ ಈಚಲಿನ ಬಳಗವೂ, ಅಂಗಳವಿದ್ದರೆ ಬೆಳ್ಳಿಯ ಬಣ್ಣದ ಬಿಸ್ಮಾರ್ಕಿಯಾ ತಾಳೆಯೂ ಒಗ್ಗುತ್ತವೆ. ಪುಣೆ, ದೆಹಲಿಗಳವರು ಚೀನಾದ ಬೀಸಣಿಗೆ ತಾಳೆಯನ್ನೂ, ನೆರಳಿನಲ್ಲಿ ಬಿದಿರಿನಂತೆ ನಿಲ್ಲುವ ರ್‍ಯಾಪಿಸನ್ನೂ ಧೈರ್ಯವಾಗಿ ಇಟ್ಟುಕೊಳ್ಳಬಹುದು.

ನರ್ಸರಿಯಲ್ಲಿ 'ಸಾಗೋ ಪಾಮ್' ಎಂದು ಮಾರುವ ಸೈಕಸ್ ತಾಳೆಯಲ್ಲ. ಬೀಸಣಿಗೆ ಹರಡಿದಂತೆ ನಿಲ್ಲುವ 'ಟ್ರಾವೆಲರ್ಸ್ ಪಾಮ್' ಕೂಡ ಅಲ್ಲ. ಹೆಸರು ನಂಬಿ ಕೆಟ್ಟವನು ಹೇಳುತ್ತಿದ್ದೇನೆ.

ಬೀಜ ಆದಷ್ಟು ಹೊಸದಿರಬೇಕು. ಹೆಚ್ಚಿನ ಜಾತಿಗಳಲ್ಲಿ ಒಣಗಿಸಿ ಇಟ್ಟ ಬೀಜ ಮೊಳೆಯುವುದಿಲ್ಲ. ತಿರುಳನ್ನು ತೆಗೆದು ಊರಬೇಕು. ಬೈನೆಯ ಹಣ್ಣನ್ನು ಮಾತ್ರ ಬರಿಗೈಯಲ್ಲಿ ಮುಟ್ಟಬೇಡಿ, ವಿಪರೀತ ತುರಿಸುತ್ತದೆ. ತಾಳೆಯ ಬೀಜ ಮೊದಲು ಮೊಳಕೆಯನ್ನು ನೆಲದಾಳಕ್ಕೆ ಇಳಿಸಿ ಆಮೇಲೆ ಎಲೆ ಕಳಿಸುತ್ತದೆ. ಅದನ್ನು ಕುಂಡದಲ್ಲಿ ಬೆಳೆಸಿ ಕಿತ್ತು ನೆಡುವ ಆಸೆ ಬಿಡಿ. ಕೆಳಗಿನ ಎಲೆ ಅರ್ಧ ಹಳದಿಯಾದ ಕೂಡಲೆ ಕತ್ತರಿ ಹಿಡಿಯಬೇಡಿ. ಗಿಡ ಆ ಮುದಿ ಎಲೆಯಿಂದ ಪೊಟ್ಯಾಷಿಯಮ್ ಸತ್ವವನ್ನು ಹಿಂದಕ್ಕೆ ಪಡೆದು ಎಳೆಯ ಎಲೆಗೆ ಕೊಡುತ್ತಿರುತ್ತದೆ. ಪೂರ್ತಿ ಒಣಗಿದ ಮೇಲೆ ತೆಗೆದರೆ ಸಾಕು. ನೆಲದಲ್ಲಿ ನೆಟ್ಟವರು ಕುರುವಾಯಿ ದುಂಬಿ, ಕೆಂಪು ಮೂತಿ ಹುಳುಗಳ ಮೇಲೆ ಕಣ್ಣಿಟ್ಟಿರಬೇಕು.

ಊರಿಗೆ ಹೋದ ಗಿಡ

ಎರಡು ವರ್ಷಗಳ ಹಿಂದೆ ಅಪ್ಪಯ್ಯ ಊರಿಗೆ ಮರಳಿದರು. ನಾವು ಎಷ್ಟು ಹೇಳಿದರೂ ನಿಲ್ಲಲಿಲ್ಲ. "ಇನ್ನು ನನಗೆ ಅಲ್ಲಿ ಕೆಲಸವುಂಟು" ಎಂದರು. ಬಂದಾಗಿನ ಮನುಷ್ಯ ಅವರಾಗಿರಲಿಲ್ಲ. ಹೊರಡುವ ಹಿಂದಿನ ರಾತ್ರಿ ಹಿಮದ ತಾಳೆಯ ಒಂದು ಸಸಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಮ್ಮ ಚೀಲದೊಳಗೆ ಇಡುತ್ತಿದ್ದುದನ್ನು ಕಂಡೆ. "ಅಪ್ಪಯ್ಯ, ನಮ್ಮ ಮಳೆಗೆ ಅದು ಬದುಕುವುದಿಲ್ಲ" ಎಂದೆ. "ನಿನ್ನ ಚಳಿಗೆ ಅಡಕೆ ಬದುಕಿತಲ್ಲ!" ಎಂದರು. ನಾನು ಸುಮ್ಮನಾದೆ.

ಮೊದಲೆಲ್ಲ ನಮ್ಮ ಫೋನಿನ ಮಾತು ಎರಡು ನಿಮಿಷಕ್ಕೆ ಮುಗಿಯುತ್ತಿತ್ತು: ಆರೋಗ್ಯವೇ, ಊಟವಾಯಿತೇ, ಮಳೆಯುಂಟೇ. ಈಗ ಅರ್ಧ ಗಂಟೆಗೂ ಮುಗಿಯುವುದಿಲ್ಲ. ಕಳೆದ ಆಷಾಢದಲ್ಲಿ ಬಿಡದೆ ಮಳೆ ಹೊಡೆದಾಗ ಹಿಮದ ಗಿಡದ ಸುಳಿ ಕೊಳೆಯುವ ಹಾಗೆ ಕಂಡಿತಂತೆ. ಅಡಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣವನ್ನು ಅದಕ್ಕೂ ಹೊಡೆದರು. ಅಷ್ಟಕ್ಕೆ ಸಮಾಧಾನವಾಗದೆ, ಅಡಕೆ ಗೊನೆ ನೆನೆಯದಂತೆ ಕಟ್ಟುವ ಕೊಟ್ಟೆಯನ್ನು ಅದರ ತಲೆಯ ಮೇಲೆ ಕಟ್ಟಿದರು. ತೋಟಕ್ಕೆ ಬಂದವರೆಲ್ಲ ಇದೇನೆಂದು ಕೇಳಿದರೆ "ದೆಹಲಿಯ ನೆಂಟ" ಎನ್ನುತ್ತಾರಂತೆ. ಅಣ್ಣ ಇದನ್ನು ಹೇಳಿ ಗೊಣಗುತ್ತಾನೆ: "ನನ್ನ ಸಾವಿರ ಮರಗಳ ಸಮಾಚಾರ ಕೇಳುವವರಿಲ್ಲ, ಆ ಒಂದು ಹುಲ್ಲಿನದೇ ಚಿಂತೆ." ಸಸಿ ಮಾತ್ರ ಈವರೆಗೆ ಬದುಕಿದೆ; ಈ ವರ್ಷ ಮೊದಲ ಸಲ ಎಲೆ ಬೀಸಣಿಗೆಯಂತೆ ಸೀಳಿದೆ.

ಸಂಘದ ಮುಂದಿನ ಕೂಟಕ್ಕೆ ನಾನು ರ್‍ಯಾಪಿಸ್ ಗಿಡದ ಆರು ಮರಿಗಳನ್ನು ತರುತ್ತೇನೆ. ಬೇಕಾದವರು ಒಂದೊಂದು ಒಯ್ಯಬಹುದು. ಬದಲಿಗೆ ನನ್ನದೊಂದು ಕೋರಿಕೆಯಿದೆ. ಶ್ರೀತಾಳೆಯನ್ನು ನೀವು ಬಲ್ಲಿರಿ. ನಮ್ಮ ಹಿರಿಯರು ಗ್ರಂಥ ಬರೆದದ್ದು ಅದರ ಗರಿಯ ಮೇಲೆ. ಅದು ಹಲವು ದಶಕ ಬೆಳೆದು, ಒಂದೇ ಒಂದು ಸಲ ನೆತ್ತಿಯ ಮೇಲೆ ದೊಡ್ಡ ತೇರಿನಂತೆ ಹೂ ಬಿಟ್ಟು, ಕಾಯಿ ಉದುರಿಸಿ ಸಾಯುತ್ತದೆ. ರಜೆಗೆ ಕರಾವಳಿಗೆ ಹೋದವರು ಯಾರಾದರೂ ಅಂಥ ಮರವನ್ನು ಕಂಡರೆ ಬುಡದಲ್ಲಿ ಬಿದ್ದ ನಾಲ್ಕು ಬೀಜಗಳನ್ನು ತಂದುಕೊಡಿ. ಎರಡು ಇಲ್ಲಿ ಊರುತ್ತೇನೆ. ಎರಡು ಶಿರಸಿಗೆ ಹೋಗಬೇಕು. ಅಪ್ಪಯ್ಯನಿಗೆ ಈ ಶ್ರಾವಣಕ್ಕೆ ಎಪ್ಪತ್ತೆಂಟು ತುಂಬುತ್ತದೆ, ಗುಂಡಿಯನ್ನು ಈಗಲೇ ತೋಡಿಸಿಟ್ಟಿದ್ದಾರೆ.